ವಾಪಸ್ ಬಂದ ಮೂರು ಸೆಟ್ಟು

ಶಿರಾದ ಖಲೀಲ್ ಸಾಹೇಬರಿಗೆ ಮಧುಗಿರಿ, ಕೊರಟಗೆರೆ ಕಡೆಯ ಎಷ್ಟೋ ಜನ ಗೊತ್ತು. ಮುಖದಿಂದಲ್ಲ, ದವಡೆಯಿಂದ. ಮೂವತ್ತನಾಲ್ಕು ವರ್ಷಗಳಿಂದ ಅವರದು ಹಲ್ಲು ಕಟ್ಟುವ ಕಸುಬು. ಹಲ್ಲಿನ ಡಾಕ್ಟರು ರೋಗಿಯ ಬಾಯಿಯಲ್ಲಿ ಗುಲಾಬಿ ಬಣ್ಣದ ಹಿಟ್ಟು ಒತ್ತಿ ಅಚ್ಚು ತೆಗೆದು ಕಳಿಸುತ್ತಾರೆ. ಸಾಹೇಬರು ಆ ಅಚ್ಚಿಗೆ ಪ್ಲಾಸ್ಟರ್ ಹುಯ್ದು ದವಡೆಯ ಮಾದರಿ ಮಾಡಿಕೊಂಡು, ಅದರ ಅಳತೆಗೆ ಹಲ್ಲಿನ ಸೆಟ್ಟು ಕಟ್ಟಿ ವಾಪಸ್ ಕಳಿಸುತ್ತಾರೆ. ರೋಗಿಗೆ ಇವರ ಹೆಸರು ಗೊತ್ತಿರುವುದಿಲ್ಲ, ಇವರಿಗೆ ರೋಗಿಯ ಮುಖ ಗೊತ್ತಿರುವುದಿಲ್ಲ. ಆದರೂ ಸಾಹೇಬರು ಮಾದರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಈತ ಎಡಗಡೆಯೇ ಅಗಿಯುತ್ತಾನೆ ಎಂದೋ, ಈ ಹೆಣ್ಣುಮಗಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ, ಮನೆಯಲ್ಲೇನೋ ಚಿಂತೆ ಇರಬೇಕು ಎಂದೋ ಹೇಳಿಬಿಡುತ್ತಿದ್ದರು.

ಹೆಂಡತಿ ಶಾಹಜಾದಿಗೆ ಇದನ್ನು ಕೇಳಿ ಕೇಳಿ ಸಾಕಾಗಿತ್ತು. “ಊರವರ ಬಾಯಿ ಓದಿದ್ದು ಸಾಕು, ಬಂದು ಊಟ ಮಾಡಿ” ಅನ್ನುತ್ತಿದ್ದಳು. ಈ ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಜಗಳ ಬಂದರೆ ಎರಡೂ ಕೈಜೋಡಿಸುತ್ತವೆ. ಗಂಡಹೆಂಡತಿ ಇಬ್ಬರೂ ಅರವತ್ತರ ಆಸುಪಾಸು. ಇದ್ದೊಬ್ಬ ಮಗಳು ಖುಷ್ನುಮಾ ಮದುವೆಯಾಗಿ ಹೊಸಪೇಟೆಯಲ್ಲಿದ್ದಳು.

ಸಾಹೇಬರಿಗೆ ಇದ್ದದ್ದು ಒಂದೇ ಒಂದು ಜಂಬ. ಕಟ್ಟಿ ಕಳಿಸಿದ ಸೆಟ್ಟು ಕೂರಲಿಲ್ಲವೆಂದು ಒಂದು ದಿನವೂ ವಾಪಸ್ ಬಂದಿರಲಿಲ್ಲ. ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಉಜ್ಜುವುದು ಇದ್ದದ್ದೇ, ಅದನ್ನು ಡಾಕ್ಟರೇ ಮಾಡಿಕೊಳ್ಳುತ್ತಾರೆ. ಆದರೆ ಇಡೀ ಸೆಟ್ಟು ವಾಪಸ್? ತುಮಕೂರಿನ ದೊಡ್ಡ ಲ್ಯಾಬುಗಳಿಗೆ ಬರುತ್ತಿತ್ತು, ಶಿರಾಕ್ಕೆ ಬರುತ್ತಿರಲಿಲ್ಲ. ಈ ಮಾತನ್ನು ಅವರು ಯಾರ ಮುಂದೆಯೂ ಆಡಿಕೊಂಡವರಲ್ಲ. ಬೇರೆಯವರು ಆಡಿದರೆ ಮಾತ್ರ ಗಡ್ಡ ನೀವಿಕೊಂಡು ಸುಮ್ಮನೆ ಕೇಳುತ್ತಿದ್ದರು.

ಆಮೇಲೆ ಕೊರೊನಾ ಬಂತು. ಮೊದಲ ಎರಡು ತಿಂಗಳು ಹಲ್ಲಿನ ಆಸ್ಪತ್ರೆಗಳಿಗೆಲ್ಲ ಬೀಗ. ಮಿಕ್ಕ ಡಾಕ್ಟರು ರೋಗಿಯ ಕೈಹಿಡಿದು ನಾಡಿ ನೋಡಿದರೆ ಆಯಿತು, ಹಲ್ಲಿನ ಡಾಕ್ಟರು ಬಾಯೊಳಗೇ ಕೈ ಹಾಕಬೇಕು. ಮೆಷಿನ್ನು ತಿರುಗಿಸಿದರೆ ರೋಗಿಯ ಎಂಜಲು ಹೊಗೆಯ ಹಾಗೆ ಕೋಣೆಯ ತುಂಬ ಏಳುತ್ತದೆ. ರೋಗವಿರುವುದೂ ಆ ಎಂಜಲಲ್ಲೇ. ಬಾಗಿಲು ತೆರೆದ ಮೇಲೂ ಜನ ಬರಲಿಲ್ಲ. ಮೂಗಿನಿಂದ ಗದ್ದದವರೆಗೆ ಮಾಸ್ಕು ಮುಚ್ಚಿಕೊಂಡು ಓಡಾಡುವಾಗ ಒಳಗೆ ಹಲ್ಲಿದ್ದರೇನು, ಬಿಟ್ಟರೇನು? ಹಲ್ಲು ಕಟ್ಟಿಸಿಕೊಳ್ಳುವ ಆಸೆಯೇ ಜನಕ್ಕೆ ಹೊರಟುಹೋಗಿತ್ತು.

ಜೂನಿನಲ್ಲಿ ಮೊದಲು ಕೆಲಸ ಕೊಟ್ಟವರು ಮಧುಗಿರಿಯ ಡಾಕ್ಟರ್ ತೇಜಸ್ವಿನಿ. ಹದಿನಾಲ್ಕು ವರ್ಷದ ಹಿಂದೆ, ಆಗಷ್ಟೇ ಓದು ಮುಗಿಸಿ ಕ್ಲಿನಿಕ್ಕು ತೆರೆದಾಗ, ಮೊದಲ ಸೆಟ್ಟನ್ನು ಖಲೀಲ್ ಸಾಹೇಬರಿಂದಲೇ ಕಟ್ಟಿಸಿದ್ದರು. ಅಂದಿನಿಂದ ಖಲೀಲಣ್ಣ ಎಂದೇ ಕರೆಯುತ್ತಿದ್ದರು.

“ಖಲೀಲಣ್ಣ, ದಿನಕ್ಕೆ ನಾಕೇ ಜನ ನೋಡ್ತಿದೀನಿ. ಒಬ್ಬರು ಹೋದ್ಮೇಲೆ ಒಂದು ಗಂಟೆ ಕಿಟಕಿ ತೆಗೆದಿಟ್ಟು, ಕುರ್ಚಿ ಎಲ್ಲ ಒರೆಸಿ, ಆಮೇಲೇ ಇನ್ನೊಬ್ಬರನ್ನ ಒಳಗೆ ಬಿಡೋದು. ಈ ಪ್ಲಾಸ್ಟಿಕ್ ಅಂಗಿ ತೊಟ್ಕೊಂಡ್ರೆ ಬೆವರಲ್ಲೇ ಸ್ನಾನ ಆಗೋಗುತ್ತೆ” ಎಂದು ಫೋನಿನಲ್ಲಿ ನಕ್ಕರು. “ಅಚ್ಚನ್ನ ಔಷಧಿ ನೀರಲ್ಲಿ ಹತ್ತು ನಿಮಿಷ ಇಟ್ಟು, ತೊಳೆದು, ಒದ್ದೆ ಹತ್ತೀಲಿ ಸುತ್ತಿ ಕಳಿಸ್ತೀನಿ. ನೀವು ಧೈರ್ಯವಾಗಿ ಮುಟ್ಟಿ. ನಿಮಗೆ ಶುಗರ್ ಇದೆ, ಅದು ನನ್ನ ತಲೇಲಿದೆ.”

ಹದಿನೈದಿಪ್ಪತ್ತು ದಿನಕ್ಕೊಂದರಂತೆ ಬರುವ ಅಚ್ಚಿನ ಪೊಟ್ಟಣ ಮಧುಗಿರಿಯಿಂದ ಬಸ್ಸಿನ ಡ್ರೈವರ್ ಪಕ್ಕ ಕೂತು ಒಂದು ಗಂಟೆಯಲ್ಲಿ ಶಿರಾ ಮುಟ್ಟುತ್ತಿತ್ತು. ಮೊದಲೆಲ್ಲ ಸಾಹೇಬರೇ ಬಸ್ ಸ್ಟ್ಯಾಂಡಿಗೆ ಹೋಗಿ ತರುತ್ತಿದ್ದರು. ಈಗ ಶಾಹಜಾದಿ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಂಗಡಿ ಇಟ್ಟಿದ್ದ ಅವಳ ತಮ್ಮ ಅಸ್ಗರ್ ಪೊಟ್ಟಣ ಇಸಿದುಕೊಂಡು ಬಂದು ಗೇಟಿಗೆ ನೇತುಹಾಕಿ ಹಾರನ್ ಹೊಡೆದು ಹೋಗುತ್ತಿದ್ದ. ಅದನ್ನು ಅವಳೇ ಬಿಚ್ಚಿ ತಂದು ಗಂಡನ ಮೇಜಿನ ಮೇಲೆ ಇಡುತ್ತಿದ್ದಳು. ಆ ದಿನಗಳಲ್ಲಿ ಶಾಹಜಾದಿಯ ಕೈದಾಟಿ ಆ ಮನೆಯೊಳಗೆ ಒಂದು ಸೊಪ್ಪಿನ ಕಡ್ಡಿಯೂ ಬರುತ್ತಿರಲಿಲ್ಲ.

ಮೊದಲು ವಾಪಸ್ ಬಂದದ್ದು ಕೊರಟಗೆರೆಯ ಗಂಗಹನುಮಯ್ಯ ಎಂಬುವವರ ಸೆಟ್ಟು. ಬಾಯಲ್ಲಿ ಇಟ್ಟರೆ ಅಲ್ಲಾಡುತ್ತದೆ, ಒತ್ತಿದರೆ ಒಂದು ಕಡೆ ಏಳುತ್ತದೆ ಎಂದರು ಡಾಕ್ಟರು. ಸಾಹೇಬರು ಅದನ್ನು ಮಾದರಿಯ ಮೇಲಿಟ್ಟು ನೋಡಿದರು. ಚೂರೂ ಅಲ್ಲಾಡದೆ ಕೂತಿತು. ಮಾದರಿಯ ಮೇಲೆ ಕೂರುವುದು ಬಾಯಲ್ಲಿ ಕೂರುವುದಿಲ್ಲವೆಂದರೆ ಏನರ್ಥ? ಎರಡು ತಿಂಗಳು ಕೆಲಸ ಬಿಟ್ಟು ಕೈ ಜಡ್ಡುಗಟ್ಟಿರಬೇಕು ಅಂದುಕೊಂಡರು. ಹದಿನೈದು ದಿನಕ್ಕೆ ಅದೇ ಕೊರಟಗೆರೆಯ ಮೇಷ್ಟ್ರೊಬ್ಬರದು ವಾಪಸ್ ಬಂತು. ಆಗ ಸಾಹೇಬರು ಏನೂ ಅಂದುಕೊಳ್ಳಲಿಲ್ಲ, ಎರಡು ಹೊತ್ತು ಊಟ ಮಾತ್ರ ಸರಿಯಾಗಿ ಮಾಡಲಿಲ್ಲ.

ಅಲ್ಲಿಂದ ಅವರಿಗೆ ತಮ್ಮ ಕೈ ಮೇಲೆಯೇ ಗುಮಾನಿ ಶುರುವಾಯಿತು. ಬೆಳಿಗ್ಗೆ ಎದ್ದು ಎರಡೂ ಕೈ ಮುಂದೆ ಚಾಚಿ ಬೆರಳು ನಡುಗುತ್ತವೆಯೇ ಎಂದು ನೋಡುವರು. ಚಿಮಟದಲ್ಲಿ ಒಂದೊಂದೇ ಅಕ್ಕಿಕಾಳು ಎತ್ತಿ ಸಾಲಾಗಿ ಜೋಡಿಸುವರು. ಚಹಾದ ಲೋಟವನ್ನು ಅಂಚಿನವರೆಗೆ ತುಂಬಿಸಿಕೊಂಡು ಅಡುಗೆಮನೆಯಿಂದ ನಡುಮನೆಗೆ ನಡೆಯುವರು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಅದರಿಂದ ಸಮಾಧಾನ ಆಗುವ ಬದಲು ಹೆದರಿಕೆ ಹೆಚ್ಚಾಯಿತು. ಕೈ ನಡುಗಿದರೆ ನಡುಗುತ್ತಿದೆ ಅನ್ನಬಹುದು. ನಡುಗದೇ ತಪ್ಪುತ್ತಿದ್ದರೆ ಅದಕ್ಕೆ ಯಾವ ಡಾಕ್ಟರ ಹತ್ತಿರ ಮದ್ದಿದೆ? ಕಸುಬು ಕೈಬಿಟ್ಟರೆ ತಾನೆಂಬುವವನು ಮಿಕ್ಕಿರುವುದು ಎಷ್ಟು ಎಂಬ ಯೋಚನೆ ಬಂತು.

ಹೆಂಡತಿಗೆ ಬಾಯಿಬಿಡಲಿಲ್ಲ. ಆದರೆ ಶಾಹಜಾದಿ ಅಕ್ಕಿಕಾಳಿನ ಸಾಲನ್ನು ನೋಡಿದ್ದಳು.

“ಏನದು, ಅಕ್ಕಿ ಎಣಿಸ್ತಾ ಕೂತಿದೀರ?”

“ಕಲ್ಲು ಆರಿಸ್ತಿದ್ದೆ.”

“ರೇಷನ್ ಅಕ್ಕೀಲಿ ಕಲ್ಲು ಆರಿಸೋಕೆ ಚಿಮಟ ಬೇಕಾ?” ಅಂದಳು. ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಮೂರನೆಯದು ತೋವಿನಕೆರೆಯ ಕೊಲ್ಲಾಪುರಮ್ಮನದು. ಮೇಲಿನ ಮುಂದಿನ ನಾಲ್ಕು ಹಲ್ಲು. ಈ ಸಲ ಸಾಹೇಬರು ಒಂದಕ್ಕೆ ನಾಲ್ಕು ಸಲ ಅಳತೆ ನೋಡಿ, ನಮಾಜು ಮುಗಿಸಿ ಬಂದು ಕೆಲಸಕ್ಕೆ ಕೂತು, ಉಸಿರು ಬಿಗಿಹಿಡಿದು ಕಟ್ಟಿದ್ದರು. ಅದೂ ಕೂರಲಿಲ್ಲ. ಡಾಕ್ಟರು ಹೇಗೆ ಹೇಳುವುದೆಂದು ತಡವರಿಸುತ್ತಿರುವಾಗ, ಆ ಕಡೆಯಿಂದ ಕೊಲ್ಲಾಪುರಮ್ಮನೇ, ನನ್ ಕೈಗೆ ಕೊಡ್ರಮ್ಮ ಎಂದು ಫೋನು ಇಸಿದುಕೊಂಡಳು.

“ಸಾಬ್ರೆ, ನೀವು ಕಟ್ಟಿದ್ ಹಲ್ಲು ನನ್ ಬಾಯಾಗೆ ನಿಲ್ಲಾಕಿಲ್ಲ ಅಂತಾವೆ. ಕೆಮ್ಮಿದ್ರೆ ಕೈಗೇ ಬತ್ತಾವೆ. ಈ ಟೈಮ್ನಾಗೆ ಕೆಮ್ಮೋದೇ ದೊಡ್ ತಪ್ಪು, ಅದ್ರ ಮ್ಯಾಲೆ ಹಲ್ಲೂ ಉದುರಿದ್ರೆ ಜನ ಏನಂದ್ಕೊಂಡಾರು ಹೇಳಿ?”

ಸಾಹೇಬರಿಗೆ ನಗು ಬರಬೇಕಿತ್ತು, ಬರಲಿಲ್ಲ. “ತಪ್ಪಾಯ್ತಮ್ಮ” ಅಂದರು.

“ಸಿಟ್ಟಿಲ್ಲ ಬುಡಿ. ನಂಗೇನ್ ಚೆಂದಕ್ಕೆ ಬೇಕಿಲ್ಲ ಸಾಬ್ರೆ, ಮಾಸ್ಕ್ನಾಗೆ ಯಾರ್ ನೋಡ್ತಾರೆ. ನನ್ ಮಗ್ಳು ಪಾವಗಡದಾಗವ್ಳೆ, ಅವ್ಳ ಬೀದೀನೆಲ್ಲ ಮುಚ್ಚವ್ರೆ, ಬರಂಗಿಲ್ಲ. ಪೋನ್ನಾಗೆ ಮಾತಾಡಿದ್ರೆ ನನ್ ಬಾಯಿಂದ ಬರೀ ಗಾಳಿ ಬತ್ತದಂತೆ. ‘ಏಮಮ್ಮಾ, ಒಂದೂ ಅರ್ಥ ಆಗಾಕಿಲ್ಲ’ ಅಂತ ಅಳ್ತಾಳೆ. ಅದ್ಕೆ ಕೇಳ್ದೆ.”

ಅವತ್ತು ಸಾಹೇಬರು ಒಂದು ತೀರ್ಮಾನಕ್ಕೆ ಬಂದರು. ಕೊಲ್ಲಾಪುರಮ್ಮನದನ್ನು ಇನ್ನೊಂದೇ ಒಂದು ಸಲ ಕಟ್ಟುವುದು. ಅದೂ ಕೂರದಿದ್ದರೆ ಮೇಜಿನ ಮೇಲೆ ಬಟ್ಟೆ ಮುಚ್ಚಿ, ತುಮಕೂರಿನ ಲ್ಯಾಬಿಗೆ ಕಳಿಸಿಕೊಳ್ಳಿ ಮೇಡಂ ಎಂದು ಹೇಳಿಬಿಡುವುದು. ಈ ಸಲ ಅಚ್ಚು ಬರುವವರೆಗೆ ಕಾಯುವುದೂ ಬೇಡ, ತಾವೇ ಮಧುಗಿರಿಗೆ ಹೋಗಿ ನಿಂತು ತೆಗೆಸುವುದು ಎಂದುಕೊಂಡರು.

ಹೊರಡುವ ಮಾತೆತ್ತಿದ್ದೇ ತಡ, ಶಾಹಜಾದಿ ಎರಡೂ ಭಾಷೆಯಲ್ಲಿ ಶುರುಮಾಡಿದಳು. ಶುಗರ್ ಇರುವವರು, ಅರವತ್ತು ದಾಟಿದವರು, ಬಸ್ಸಿನಲ್ಲಿ ಯಾರ್ಯಾರೋ ಕೂತಿರುತ್ತಾರೆ, ಟೀವಿ ನೋಡುವುದಿಲ್ಲವೇ, ಮಗಳಿಗೆ ಏನು ಜವಾಬು ಕೊಡಲಿ. ಸಾಹೇಬರು ಮಾತಾಡದೆ ಪ್ಲಾಸ್ಟರ್ ಪೊಟ್ಟಣ, ಕಲಸುವ ರಬ್ಬರ್ ಬಟ್ಟಲು, ಚಮಚ ಎಲ್ಲ ಚೀಲಕ್ಕೆ ತುಂಬಿಕೊಂಡರು. ಗಂಡ ಇಷ್ಟು ಸುಮ್ಮನಿರುವುದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಬಾಯಿ ನಿಲ್ಲಿಸಿ ಒಂದರ ಮೇಲೊಂದು ಎರಡು ಮಾಸ್ಕು ಕಟ್ಟಿ, ಜೇಬಿಗೆ ಸ್ಯಾನಿಟೈಸರ್ ಇಟ್ಟು, ಏನನ್ನೂ ಮುಟ್ಟಬೇಡಿ ಎಂದು ಕಳಿಸಿದಳು.

ಮಧುಗಿರಿಯ ಕ್ಲಿನಿಕ್ಕು ಗುರುತೇ ಸಿಗಲಿಲ್ಲ. ಒಬ್ಬ ರೋಗಿಗೆ ನಾಲ್ಕು ಜನ ನೆಂಟರು ಬಂದು ತುಂಬಿಕೊಳ್ಳುತ್ತಿದ್ದ ಹೊರಗಿನ ಕೋಣೆಯಲ್ಲಿ ಒಂದೇ ಒಂದು ಕುರ್ಚಿ. ಬಾಗಿಲಲ್ಲೇ ನಲ್ಲಿ, ಸೋಪು. ಒಳಗೆ ಹೋದ ರೋಗಿ ಮೊದಲು ಕಂದು ಬಣ್ಣದ ಔಷಧಿ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಡಾಕ್ಟರ್ ತೇಜಸ್ವಿನಿ ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ, ಎರಡು ಜೊತೆ ಗ್ಲೌಸು, ಮುಖದ ಮುಂದೆ ಪ್ಲಾಸ್ಟಿಕ್ ಪರದೆ. ಪರದೆಯೊಳಗೆ ಉಸಿರಿನ ಹಬೆ ಕಟ್ಟಿ ಕಣ್ಣೇ ಕಾಣುತ್ತಿರಲಿಲ್ಲ. ಕೊಲ್ಲಾಪುರಮ್ಮ ಬರುವುದು ಅರ್ಧ ಗಂಟೆ ತಡವಿತ್ತು. ಡಾಕ್ಟರು ಪರದೆ ತೆಗೆದಿಟ್ಟು ವರಾಂಡಕ್ಕೆ ಬಂದು ದೂರದಲ್ಲಿ ನಿಂತರು.

“ಖಲೀಲಣ್ಣ, ನಾನೇ ಫೋನ್ ಮಾಡಿ ಹೇಳ್ಬೇಕು ಅಂತಿದ್ದೆ. ತಪ್ಪು ನನ್ನದೇ ಅನ್ಸುತ್ತೆ. ಎರಡು ಗ್ಲೌಸಲ್ಲಿ ಬೆರಳಿಗೆ ಏನೂ ತಿಳಿಯಲ್ಲ, ಹಬೇಲಿ ಕಣ್ಣು ಕಾಣಲ್ಲ. ಅಚ್ಚು ಸರಿಯಾಗಿ ತೆಗೀತಿಲ್ಲ ನಾನು. ಮೂರು ಸೆಟ್ಟು ಹಾಳು ಮಾಡಿದೆ. ಇದೆಲ್ಲ ಮುಗಿಯೋವರೆಗೂ ಬಾಗಿಲು ಹಾಕೋಣ ಅಂತಿದೀನಿ.”

ಸಾಹೇಬರು ಹೇಳಬೇಕೆಂದು ಬಸ್ಸಿನಲ್ಲಿ ಉರುಹೊಡೆದುಕೊಂಡು ಬಂದ ಮಾತನ್ನು ಆಕೆ ಆಡಿಬಿಟ್ಟಿದ್ದರು. “ಅದೆಲ್ಲ ಆಮೇಲೆ ಮೇಡಂ, ಇವತ್ತಿಂದು ನೋಡೋಣ” ಅಂದರು. ಈ ಹುಡುಗಿಯೂ ತಮ್ಮ ಹಾಗೆ ಕೈ ಚಾಚಿ ನೋಡಿಕೊಂಡಿದ್ದಾಳಲ್ಲ ಎಂದು ಅವರಿಗೆ ತುಂಬ ಮರುಕವಾಯಿತು.

ಕೊಲ್ಲಾಪುರಮ್ಮ ಬಂದಳು, ಬಾಯಿ ಮುಕ್ಕಳಿಸಿದಳು, ಕುರ್ಚಿಯಲ್ಲಿ ಕೂತಳು. ಡಾಕ್ಟರು ಅಚ್ಚು ತೆಗೆದು, ಗಡಿಯಾರ ನೋಡಿಕೊಂಡು ಹತ್ತೇ ನಿಮಿಷ ಔಷಧಿ ನೀರಿನಲ್ಲಿಟ್ಟು, ತೊಳೆದು ಕಿಟಕಿಯಿಂದ ಕೊಟ್ಟರು. ಸಾಹೇಬರು ಗ್ಲೌಸು ಹಾಕಿಕೊಂಡು ವರಾಂಡದ ಕಟ್ಟೆಯ ಮೇಲೆಯೇ ಪ್ಲಾಸ್ಟರ್ ಕಲಸಿ ಹುಯ್ದರು. ಗಟ್ಟಿಯಾದ ಮಾದರಿಯನ್ನು ಟವಲಿನಲ್ಲಿ ಸುತ್ತಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಶಿರಾಕ್ಕೆ ಬಂದರು.

ವಾರದ ನಂತರ ಡಾಕ್ಟರ ಫೋನು ಬಂತು. ಮಾತಾಡಿದ್ದು ಕೊಲ್ಲಾಪುರಮ್ಮ. ಸಾಲಿಗ್ರಾಮ ಕೂತಂಗೆ ಕೂತದೆ ಸಾಬ್ರೆ, ಕೆಮ್ಮಿದ್ರೂ ಅಲ್ಲಾಡಾಕಿಲ್ಲ, ಮಗ್ಳು ಪೋನ್ನಾಗೆ ಒಂದ್ ಗಂಟೆ ಮಾತಾಡಿದ್ಲು ಅಂದಳು. ಸಾಹೇಬರು ಫೋನು ಇಟ್ಟು ಎರಡೂ ಅಂಗೈ ಕಣ್ಣಿಗೊತ್ತಿಕೊಂಡರು.

ಹಾಗಾದರೆ ಮೊದಲಿನ ಮೂರಕ್ಕೆ ಆದದ್ದಾದರೂ ಏನು? ಕಪಾಟಿನಿಂದ ಕೊಲ್ಲಾಪುರಮ್ಮನ ಹಳೆಯ ಮಾದರಿ ತೆಗೆದು ಹೊಸದರ ಪಕ್ಕ ಇಟ್ಟರು. ಒಂದೇ ಬಾಯಿ, ಎರಡು ಅಳತೆ. ಕೈವಾರ ಹಿಡಿದು ಅಳೆದರು. ಹಳೆಯದು ಒಂದು ಕೂದಲೆಳೆ ದೊಡ್ಡದಿತ್ತು. ಬಸ್ಸಿನ ಬಿಸಿಲಿಗೆ ಒಣಗಿದ್ದರೆ ಅಚ್ಚು ಕುಗ್ಗಬೇಕಿತ್ತು. ಇದು ನೆನೆಹಾಕಿದ ಕಡಲೆಯ ಹಾಗೆ ಊದಿಕೊಂಡಿತ್ತು. ಆ ಹಿಟ್ಟಿನ ಗುಣವೇ ಅದು, ಹೆಚ್ಚು ಹೊತ್ತು ನೀರಿನಲ್ಲಿದ್ದರೆ ಕುಡಿದು ಊದುತ್ತದೆ. ತಕ್ಷಣ ಡಾಕ್ಟರಿಗೆ ಫೋನು ಮಾಡಿ ಹೇಳಿದರು. ನಾನು ಯಾವತ್ತೂ ಹತ್ತು ನಿಮಿಷದ ಮೇಲೆ ಇಟ್ಟೇ ಇಲ್ಲ ಖಲೀಲಣ್ಣ, ಇವತ್ತೂ ಒಂದು ಕಳಿಸಿದೀನಿ, ಬಂದ ತಕ್ಷಣ ನೋಡಿ ಅಂದರು ಡಾಕ್ಟರು.

ಹನ್ನೊಂದೂವರೆಗೆ ಗೇಟಿನಲ್ಲಿ ಅಸ್ಗರನ ಹಾರನ್ ಕೇಳಿತು. ಸಾಹೇಬರು ಪ್ಲಾಸ್ಟರ್ ಬಟ್ಟಲು ಮುಂದಿಟ್ಟುಕೊಂಡು ಕಾದರು. ಐದು ನಿಮಿಷ ಆಯಿತು, ಹತ್ತು ಆಯಿತು, ಪೊಟ್ಟಣ ಮೇಜಿಗೆ ಬರಲಿಲ್ಲ. ಹಾರನ್ನಿಗೆ ಕಿವಿಗೊಡದೆ, ಬಸ್ಸು ತಡವಾಗುತ್ತದೆ ಎಂದು ಇಷ್ಟು ದಿನ ತಾವು ಅಂದುಕೊಂಡಿದ್ದ ಹೊತ್ತು ಇದೇ ಎಂದು ಆಗ ಹೊಳೆಯಿತು. ಎದ್ದು ಹಿತ್ತಲಿಗೆ ಹೋದರು.

ಶಾಹಜಾದಿ ಮಣೆಯ ಮೇಲೆ ಕೂತಿದ್ದಳು. ಮುಂದೆ ಎರಡು ಟಬ್ಬು. ಒಂದರಲ್ಲಿ ಟೊಮೆಟೊ, ಬದನೆಕಾಯಿ, ಕೊತ್ತಂಬರಿ. ಇನ್ನೊಂದರಲ್ಲಿ ಬ್ಲೀಚಿಂಗ್ ಪುಡಿಯ ನೀರು, ಅದರ ತಳದಲ್ಲಿ ಯಾರದೋ ಕೆಳದವಡೆಯ ಅಚ್ಚು. ಅಲಾರಂ ಗಡಿಯಾರವನ್ನು ಪಕ್ಕದ ಇಟ್ಟಿಗೆಯ ಮೇಲೆ ನಿಲ್ಲಿಸಿಕೊಂಡಿದ್ದಳು.

ಸಾಹೇಬರ ಬಾಯಿಗೆ ಮಾತು ಬಂದೇಬಿಟ್ಟಿತ್ತು. ಮೂರು ಸೆಟ್ಟು, ಮೂರು ತಿಂಗಳು, ನಿದ್ದೆಯಿಲ್ಲದ ಎಷ್ಟು ದಿನ, ಎಲ್ಲ ಒಟ್ಟಿಗೆ ನಾಲಿಗೆಯ ತುದಿಗೆ ನುಗ್ಗಿತು. “ಎಷ್ಟು ಹೊತ್ತಿಂದ ಇಟ್ಟಿದೀಯ ಇದನ್ನ?” ಎಂದರು.

“ಈಗಿನ್ನೂ ಹತ್ತು ನಿಮಿಷ. ಅರ್ಧ ಗಂಟೆ ಇಡ್ತೀನಿ.” ಗಂಡ ನೋಡಿಬಿಟ್ಟನಲ್ಲ ಎಂಬ ಗಾಬರಿಯೇನೂ ಅವಳಲ್ಲಿರಲಿಲ್ಲ, ಬದಲಿಗೆ ಸ್ವಲ್ಪ ಹೆಮ್ಮೆಯಿತ್ತು. “ಜೂನಿಂದ ಬಂದದ್ದನ್ನೆಲ್ಲ ಹೀಗೇ ತೊಳೆದು ಕೊಟ್ಟಿದೀನಿ. ನೀವು ಬೇಡ ಅಂತೀರ ಅಂತ ಹೇಳಲಿಲ್ಲ. ಹತ್ತೂರಿನ ಎಂಜಲು ನಿಮ್ಮ ಕೈಗೆ ಬರುತ್ತೆ. ಕೆಲಸ ಬಿಡಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಮೊದಲೆರಡು ತಿಂಗಳು ಕೆಲಸ ಇಲ್ಲದೆ ನೀವು ಹೇಗಾಗಿದ್ರಿ ನೋಡಿದೀನಿ. ಅಲ್ಲಾಹ್ ದಯ, ಇವತ್ತಿನವರೆಗೂ ನಿಮಗೊಂದು ನೆಗಡಿ ಬಂದಿಲ್ಲ.”

ಮಾತಾಡುತ್ತಲೇ ನೀರಿನಿಂದ ಕೈ ಎತ್ತಿ ಹಣೆಯ ಬೆವರು ಒರೆಸಿಕೊಂಡಳು. ಸಾಹೇಬರು ಆ ಕೈ ನೋಡಿದರು. ಬ್ಲೀಚಿಂಗ್ ನೀರಿಗೆ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಲಿದು, ಗೆಣ್ಣುಗಳಲ್ಲಿ ಚರ್ಮ ಒಡೆದು, ಅಲ್ಲಲ್ಲಿ ರಕ್ತ ಕಂಡಿತ್ತು. ಮೂರು ತಿಂಗಳು ಹಗಲೆಲ್ಲ ತಮ್ಮ ಕೈ ನೋಡಿಕೊಂಡು ಕೂತಿದ್ದ ಮನುಷ್ಯ ಇವಳ ಕೈಯನ್ನು ಒಂದು ಸಲವೂ ನೋಡಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಕರಗಿಹೋಯಿತು.

“ಡಾಕ್ಟರು ಹೊಸ ರೂಲ್ಸ್ ಮಾಡಿದಾರೆ” ಅಂದರು. “ಇನ್ಮೇಲೆ ಪೊಟ್ಟಣ ಬಂದ ತಕ್ಷಣ ನಾನು ಗ್ಲೌಸು, ಮಾಸ್ಕು ಹಾಕ್ಕೊಂಡು ಇಲ್ಲೇ ಹಿತ್ತಲಲ್ಲಿ ನಿನ್ನ ಕಣ್ಣೆದುರಿಗೇ ಪ್ಲಾಸ್ಟರ್ ಹುಯ್ಯಬೇಕಂತೆ. ಗಟ್ಟಿ ಆದ್ಮೇಲೆ ಒಳಗೆ ತರೋದು. ಅಚ್ಚನ್ನ ನೀರಿಗೆ ಹಾಕೋ ಹಾಗಿಲ್ಲ. ನೀನೂ ಗ್ಲೌಸು ಹಾಕ್ಕೋಬೇಕಂತೆ.”

“ಡಾಕ್ಟರು ಹೇಳಿದ್ರೆ ಸರಿ” ಅಂದಳು ಶಾಹಜಾದಿ.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಡಾಕ್ಟರ್ ತೇಜಸ್ವಿನಿ. “ಖಲೀಲಣ್ಣ, ನೋಡಿದ್ರಾ? ಗೊತ್ತಾಯ್ತಾ? ನನ್ನ ಕೈ ತಪ್ಪಾ, ಬೇರೆ ಏನಾದ್ರೂನಾ? ನಿಜ ಹೇಳಿ, ಬಾಗಿಲು ಹಾಕೋದಾ ಬೇಡ್ವಾ ಅಂತ ನಿರ್ಧಾರ ಮಾಡ್ಬೇಕು.”

ಸಾಹೇಬರು ಟಬ್ಬಿನ ತಳದ ದವಡೆಯನ್ನು ನೋಡಿದರು. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.

“ಬಾಗಿಲು ಹಾಕ್ಬೇಡಿ ಮೇಡಂ. ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲ. ತಪ್ಪೆಲ್ಲ ನನ್ನ ಕೈದು. ಮೂರು ಸೆಟ್ಟೂ ನಾನೇ ಕೆಡಿಸಿದ್ದು. ವಯಸ್ಸಾಯ್ತು ನೋಡಿ, ಗಮನ ತಪ್ಪಿತ್ತು. ಈಗ ಸರಿಹೋಗಿದೆ. ಮಿಕ್ಕ ಎರಡನ್ನೂ ಮತ್ತೆ ಕಟ್ಟಿಕೊಡ್ತೀನಿ. ಇವತ್ತಿನ ಅಚ್ಚೂ ಕೈಜಾರಿ ಬಿದ್ದು ಹಾಳಾಯ್ತು, ಇನ್ನೊಂದು ತೆಗೆದು ಕಳಿಸಿ.”

ರಬ್ಬರಿನ ಹಾಗಿರುವ ಅಚ್ಚು ಬಿದ್ದರೆ ಏನೂ ಆಗುವುದಿಲ್ಲವೆಂದು ಡಾಕ್ಟರಿಗೆ ಗೊತ್ತಿಲ್ಲವೇ? ಅದೇ ಹೊತ್ತಿಗೆ ಶಾಹಜಾದಿ ಕೊತ್ತಂಬರಿ ಜಾಲಿಸಿ ನೀರು ಚೆಲ್ಲಿದ ಸದ್ದು ಫೋನಿನಲ್ಲಿ ಕೇಳಿಸಿರಬೇಕು.

“ಭಾಭಿ ಅಲ್ಲೇ ಇದಾರಾ ಖಲೀಲಣ್ಣ?”

“ಹೂಂ, ಇದಾಳೆ. ತರಕಾರಿ ತೊಳೀತಿದಾಳೆ.”

“ಸರಿ ಹಾಗಾದ್ರೆ” ಅಂದರು ಡಾಕ್ಟರು. ದನಿಯಲ್ಲಿ ನಗುವಿತ್ತು. “ನಾಳೆ ಬೆಳಿಗ್ಗೆ ಇನ್ನೊಂದು ಅಚ್ಚು ಕಳಿಸ್ತೀನಿ. ಭಾಭಿಗೆ ನಾನು ಕೇಳ್ದೆ ಅಂತ ಹೇಳಿ.”

ಸಾಹೇಬರು ಫೋನು ಜೇಬಿಗಿಟ್ಟು ತಿರುಗಿದರು. ಶಾಹಜಾದಿ ತೊಳೆಯುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು. ಪೊಟ್ಟಣದಲ್ಲಿ ಬಂದ ಸೆಟ್ಟುಗಳು ಪಾಲಿಶಿಗೆ ಬಂದವೆಂದೇ ಅವಳು ಅಂದುಕೊಂಡಿದ್ದಳು, ಮೂರೂ ಕೂರದೆ ವಾಪಸ್ ಬಂದ ಸಂಗತಿ ಈಗಷ್ಟೇ ತಿಳಿದದ್ದು. ಅಕ್ಕಿಕಾಳು ಏಕೆಂದು, ಆ ಮೌನ ಏಕೆಂದು ಎಲ್ಲ ಒಟ್ಟಿಗೆ ಅರ್ಥವಾಗಿ ಅವಳ ಕಣ್ಣು ತುಂಬಿತು. ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದು ಗಂಡನ ಬಲಗೈಯನ್ನು ತನ್ನ ಒಡೆದ ಎರಡು ಕೈಗಳ ನಡುವೆ ಹಿಡಿದುಕೊಂಡಳು.

“ಮೂವತ್ತನಾಲ್ಕು ವರ್ಷಕ್ಕೆ ಮೂರು ಸಲ ತಪ್ಪಿದ್ರೆ ಅದೇನು ದೊಡ್ಡ ತಪ್ಪಾ? ಅದಕ್ಕೆ ಇಷ್ಟು ದಿನ ಒಬ್ರೇ ಒಳಗೊಳಗೇ ಕೊರಗಿದ್ರಾ? ನನಗೊಂದು ಮಾತು ಹೇಳಬಾರದಿತ್ತಾ?” ಅಂದಳು. “ಬೇಜಾರ್ ಮಾಡ್ಕೋಬೇಡಿ. ಎಲ್ಲರೂ ತಪ್ಪು ಮಾಡ್ತಾರೆ.”

“ಹೂಂ” ಅಂದರು ಸಾಹೇಬರು. “ಎಲ್ಲರೂ ಮಾಡ್ತಾರೆ” ಎಂದು, ಒಡೆದ ಗೆಣ್ಣು ನೋಯದ ಹಾಗೆ ಮೆಲ್ಲಗೆ ಅವಳ ಕೈ ಒತ್ತಿದರು.